ಬ್ರೌಸರ್‌ನೊಳಗಿನ ಪ್ರಮಾಣಪತ್ರದ ಅವಧಿ ಮುಗಿದಾಗ: ಫೈರ್‌ಫಾಕ್ಸ್ ಅಪ್‌ಡೇಟ್ ಮಾಡುವ ಸಮಗ್ರ ಮಾರ್ಗದರ್ಶಿ

2025ರ ಮಾರ್ಚ್ 14ರಂದು ಫೈರ್‌ಫಾಕ್ಸ್ ಬ್ರೌಸರ್‌ನ ಹಳೆಯ ಆವೃತ್ತಿಗಳೊಳಗೆ ಹುದುಗಿಸಿಟ್ಟಿದ್ದ ಒಂದು ಮೂಲ ಪ್ರಮಾಣಪತ್ರದ ಅವಧಿ ಮುಗಿಯಿತು. 2024ರ ಜುಲೈ 9ರಂದು ಬಿಡುಗಡೆಯಾದ 128ನೇ ಆವೃತ್ತಿಗೆ ಅಥವಾ ಅದೇ ದಿನ ಬಂದ 115.13 ಇಎಸ್‌ಆರ್ ಆವೃತ್ತಿಗೆ, ಅಂದರೆ ದೀರ್ಘಕಾಲ ಭದ್ರತಾ ತಿದ್ದುಪಡಿ ಪಡೆಯುವ ಆವೃತ್ತಿಗೆ, ಆ ದಿನದೊಳಗೆ ಬದಲಾಗಿರಬೇಕೆಂದು ಫೈರ್‌ಫಾಕ್ಸ್ ತಯಾರಿಸುವ ಮೊಜಿಲ್ಲಾ ಸಂಸ್ಥೆ ಮೊದಲೇ ಎಚ್ಚರಿಸಿತ್ತು. ತಾನಾಗಿಯೇ ಅಪ್‌ಡೇಟ್ ಆಗುವ ಕಂಪ್ಯೂಟರುಗಳಲ್ಲಿ ಈ ದಿನ ಬಂದು ಹೋದದ್ದೇ ಯಾರಿಗೂ ತಿಳಿಯಲಿಲ್ಲ. ತೊಂದರೆ ಇರುವುದು ಅಪ್‌ಡೇಟ್ ನಿಲ್ಲಿಸಿಟ್ಟ ಯಂತ್ರಗಳಲ್ಲಿ, ತಿಂಗಳಿಗೊಮ್ಮೆ ಮಾತ್ರ ಅಂತರ್ಜಾಲಕ್ಕೆ ತಗಲುವ ಲ್ಯಾಪ್‌ಟಾಪ್‌ಗಳಲ್ಲಿ, ಶಾಲೆಯ ಕಂಪ್ಯೂಟರ್ ಕೊಠಡಿಗಳಲ್ಲಿ ಮತ್ತು ವಿಂಡೋಸ್ 7 ಬಿಟ್ಟು ಮೇಲೇರಲಾಗದ ಹಳೆಯ ಡೆಸ್ಕ್‌ಟಾಪ್‌ಗಳಲ್ಲಿ. ಅಂಥ ಯಂತ್ರವೊಂದು ನಿಮ್ಮ ಸುಪರ್ದಿಯಲ್ಲಿದ್ದರೆ ಏನು ಮಾಡಬೇಕು, ಯಾವ ಕ್ರಮದಲ್ಲಿ ಮಾಡಬೇಕು, ಏನನ್ನು ಮಾಡಲೇಬಾರದು ಎಂಬುದನ್ನು ಇಲ್ಲಿ ವಿವರಿಸಿದ್ದೇನೆ. ಮೆನುಗಳ ಹೆಸರನ್ನು ಇಂಗ್ಲಿಷ್ ಆವೃತ್ತಿಯಲ್ಲಿ ಕಾಣುವಂತೆಯೇ ಕೊಟ್ಟಿದ್ದೇನೆ, ಏಕೆಂದರೆ ಹೆಚ್ಚಿನವರ ಪರದೆಯ ಮೇಲೆ ಇರುವುದು ಅವೇ.

ಇದು ಯಾವ ಪ್ರಮಾಣಪತ್ರ?

ಬ್ಯಾಂಕಿನ ಜಾಲತಾಣ ತೆರೆದಾಗ ವಿಳಾಸಪಟ್ಟಿಯಲ್ಲಿ ಕಾಣುವ ಬೀಗದ ಗುರುತಿನ ಹಿಂದೆಯೂ ಒಂದು ಪ್ರಮಾಣಪತ್ರವಿರುತ್ತದೆ. ಅದು ಆ ಜಾಲತಾಣಕ್ಕೆ ಸೇರಿದ್ದು. ಅದರ ಅವಧಿ ಮುಗಿದರೆ ಸರಿಪಡಿಸಬೇಕಾದವರು ತಾಣದವರೇ ಹೊರತು ನೀವಲ್ಲ. ನಾವು ಮಾತಾಡುತ್ತಿರುವ ಪ್ರಮಾಣಪತ್ರ ಬೇರೆಯದು. ಫೈರ್‌ಫಾಕ್ಸ್‌ಗೆ ಸೇರಿಸಿಕೊಳ್ಳುವ ಪ್ರತಿಯೊಂದು ಆಡ್-ಆನ್‌ಗೂ, ಅಂದರೆ ಬ್ರೌಸರ್‌ಗೆ ಹೆಚ್ಚಿನ ಸೌಲಭ್ಯ ಕೊಡುವ ಪುಟ್ಟ ತಂತ್ರಾಂಶಕ್ಕೂ, ಮೊಜಿಲ್ಲಾ ಡಿಜಿಟಲ್ ಸಹಿ ಹಾಕುತ್ತದೆ. 2016ರಲ್ಲಿ ಬಂದ 48ನೇ ಆವೃತ್ತಿಯಿಂದ ಈಚೆಗೆ ಸಹಿಯಿಲ್ಲದ ಆಡ್-ಆನ್ ಅನ್ನು ಸಾಮಾನ್ಯ ಆವೃತ್ತಿಯಲ್ಲಿ ಹಾಕಿಕೊಳ್ಳುವ ದಾರಿಯನ್ನೇ ಮುಚ್ಚಲಾಗಿದೆ. ಆ ಸಹಿ ಅಸಲಿಯೇ ಎಂದು ಬ್ರೌಸರ್ ಪರೀಕ್ಷಿಸುವುದು ತನ್ನೊಳಗೇ ಇರುವ ಮೂಲ ಪ್ರಮಾಣಪತ್ರವೊಂದನ್ನು ಆಧಾರವಾಗಿಟ್ಟುಕೊಂಡು. ಆ ಮೂಲವೇ ಅವಧಿ ಮೀರಿದರೆ ಅದರ ಕೆಳಗಿನ ಸಹಿಗಳನ್ನು ನಂಬಲು ಬ್ರೌಸರ್‌ಗೆ ಆಧಾರವೇ ಉಳಿಯುವುದಿಲ್ಲ.

ಇಲ್ಲಿ ಗಮನಿಸಬೇಕಾದ ಮುಖ್ಯ ಸಂಗತಿಯೊಂದಿದೆ. ಸೆಟ್ಟಿಂಗ್ಸ್‌ನಲ್ಲಿ ಪ್ರೈವಸಿ ಆ್ಯಂಡ್ ಸೆಕ್ಯುರಿಟಿ ವಿಭಾಗಕ್ಕೆ ಹೋಗಿ ವ್ಯೂ ಸರ್ಟಿಫಿಕೇಟ್ಸ್ ಒತ್ತಿದರೆ ಅಥಾರಿಟೀಸ್ ಎಂಬ ಉದ್ದನೆಯ ಪಟ್ಟಿ ತೆರೆದುಕೊಳ್ಳುತ್ತದೆ. ಜಾಲತಾಣಗಳನ್ನು ದೃಢೀಕರಿಸುವ ಸಂಸ್ಥೆಗಳ ಮೂಲ ಪ್ರಮಾಣಪತ್ರಗಳು ಅಲ್ಲಿವೆ, ಅಲ್ಲಿಗೆ ಹೊಸದನ್ನು ಸೇರಿಸಲೂಬಹುದು. ಆದರೆ ಆಡ್-ಆನ್ ಸಹಿಯ ಮೂಲ ಪ್ರಮಾಣಪತ್ರ ಆ ಪಟ್ಟಿಯಲ್ಲಿಲ್ಲ. ಅದನ್ನು ಬ್ರೌಸರ್‌ನ ತಂತ್ರಾಂಶದೊಳಗೇ ಬೆಸೆದು ಕಳಿಸಲಾಗಿರುತ್ತದೆ. ಹೊರಗಿನಿಂದ ಕಡತವೊಂದನ್ನು ತಂದು ಸೇರಿಸಿ ಇದನ್ನು ಸರಿಪಡಿಸಲು ಆಗುವುದಿಲ್ಲ. ಬ್ರೌಸರನ್ನೇ ಅಪ್‌ಡೇಟ್ ಮಾಡುವುದೊಂದೇ ದಾರಿ ಎನ್ನುವುದು ಇದೇ ಕಾರಣಕ್ಕೆ.

ಹಳೆಯ ಆವೃತ್ತಿಯಲ್ಲೇ ಉಳಿದರೆ ಏನಾಗುತ್ತದೆ?

ಬ್ರೌಸರ್ ನಿಂತುಹೋಗುವುದಿಲ್ಲ. ಜಾಲತಾಣಗಳು ತೆರೆಯುತ್ತವೆ, ಇಮೇಲ್ ಬರುತ್ತದೆ, ಹೀಗಾಗಿ ಏನೂ ಆಗಿಲ್ಲವೆಂದು ಅನ್ನಿಸುತ್ತದೆ. ನಿಜವಾಗಿ ಕೈಕೊಡುವುದು ಮೂರು ಕಡೆ. ಒಂದು, ಆಡ್-ಆನ್‌ಗಳು ನಿಷ್ಕ್ರಿಯವಾಗಬಹುದು. ಎರಡು, ನೆಟ್‌ಫ್ಲಿಕ್ಸ್‌ನಂಥ ಸೇವೆಗಳು ಬಳಸುವ ಡಿಆರ್‌ಎಂ ರಕ್ಷಣೆಯುಳ್ಳ, ಅಂದರೆ ನಕಲು ಮಾಡದಂತೆ ಬೀಗ ಹಾಕಿದ, ವೀಡಿಯೊಗಳು ಓಡದೇ ಹೋಗಬಹುದು. ಇವೆರಡೂ ಕಣ್ಣಿಗೆ ಕಾಣುವ ತೊಂದರೆಗಳು. ಮೂರನೆಯದು ಕಾಣುವುದಿಲ್ಲ, ಹಾಗಾಗಿಯೇ ಹೆಚ್ಚು ಅಪಾಯಕಾರಿ. ಅಪಾಯಕಾರಿ ಆಡ್-ಆನ್‌ಗಳ ನಿಷೇಧ ಪಟ್ಟಿ, ರದ್ದುಗೊಂಡ ಜಾಲತಾಣ ಪ್ರಮಾಣಪತ್ರಗಳ ಪಟ್ಟಿ, ಸೋರಿಕೆಯಾದ ಪಾಸ್‌ವರ್ಡ್‌ಗಳ ಬಗೆಗಿನ ಎಚ್ಚರಿಕೆ, ಇವೆಲ್ಲವನ್ನೂ ಮೊಜಿಲ್ಲಾ ತನ್ನ ಸಹಿಯೊಂದಿಗೆ ಬ್ರೌಸರ್‌ಗೆ ಆಗಾಗ ಕಳಿಸುತ್ತಿರುತ್ತದೆ. ಸಹಿಯನ್ನು ಪರೀಕ್ಷಿಸಲಾಗದ ಬ್ರೌಸರ್ ಆ ಹೊಸ ಪಟ್ಟಿಗಳನ್ನು ಒಪ್ಪಿಕೊಳ್ಳುವುದಿಲ್ಲ. ಬಳಕೆದಾರನಿಗೆ ಯಾವ ಸೂಚನೆಯೂ ಇಲ್ಲದೆ ಅದರ ಎಚ್ಚರ ಹಳೆಯ ದಿನಾಂಕದಲ್ಲೇ ನಿಂತುಬಿಡುತ್ತದೆ.

ಕನ್ನಡದಲ್ಲಿ ಬ್ರೌಸರ್ ಬಳಸುವವರು ಇನ್ನೊಂದನ್ನೂ ತಿಳಿದಿರಬೇಕು. ಇಂಗ್ಲಿಷ್ ಫೈರ್‌ಫಾಕ್ಸ್ ಹಾಕಿಕೊಂಡು ಆಮೇಲೆ ಭಾಷೆಯ ಸೆಟ್ಟಿಂಗ್ಸ್‌ನಲ್ಲಿ ಕನ್ನಡ ಆರಿಸಿಕೊಂಡಿದ್ದರೆ, ಆ ಕನ್ನಡ ಬರುವುದು ಭಾಷಾ ಪ್ಯಾಕ್ ಎಂಬ ರೂಪದಲ್ಲಿ. ಅದೂ ಸಹಿ ಪಡೆದ ಒಂದು ಆಡ್-ಆನ್. ಒಂದು ಬೆಳಿಗ್ಗೆ ಮೆನುಗಳೆಲ್ಲ ಇದ್ದಕ್ಕಿದ್ದಂತೆ ಇಂಗ್ಲಿಷಿಗೆ ತಿರುಗಿದ್ದರೆ ಯಾರೋ ಸೆಟ್ಟಿಂಗ್ ಬದಲಿಸಿದರೆಂದು ಶಂಕಿಸುವ ಮೊದಲು ಆವೃತ್ತಿಯ ಸಂಖ್ಯೆ ನೋಡಿ. ಮೊಜಿಲ್ಲಾ ತಾಣದಿಂದ ನೇರವಾಗಿ ಕನ್ನಡದ ಫೈರ್‌ಫಾಕ್ಸ್ ಇಳಿಸಿಕೊಂಡವರಿಗೆ ಭಾಷೆ ಒಳಗೇ ಇರುವುದರಿಂದ ಈ ತೊಂದರೆಯಿಲ್ಲ.

2019ರ ಮೇ 4ರಂದು ನಡೆದದ್ದು

ಇದು ಊಹೆಯ ಮಾತಲ್ಲ. 2019ರ ಮೇ 4ರಂದು, ನಮ್ಮಲ್ಲಿ ಬೆಳಗಾಗುವ ಹೊತ್ತಿಗೆ, ಆಡ್-ಆನ್‌ಗಳಿಗೆ ಸಹಿ ಹಾಕಲು ಬಳಸುತ್ತಿದ್ದ, ಮೂಲ ಪ್ರಮಾಣಪತ್ರಕ್ಕೂ ಸಹಿಗೂ ನಡುವಿನ ಕೊಂಡಿಯಾದ ಮಧ್ಯಂತರ ಪ್ರಮಾಣಪತ್ರವೊಂದರ ಅವಧಿ ಯಾರ ಗಮನಕ್ಕೂ ಬಾರದೆ ಮುಗಿದು, ಜಗತ್ತಿನಾದ್ಯಂತ ಫೈರ್‌ಫಾಕ್ಸ್ ಬಳಕೆದಾರರ ಆಡ್-ಆನ್‌ಗಳು ಸಾಲುಸಾಲಾಗಿ ನಿಷ್ಕ್ರಿಯವಾದವು. ಬ್ರೌಸರ್ ಈ ಪರೀಕ್ಷೆಯನ್ನು ಸುಮಾರು 24 ಗಂಟೆಗೊಮ್ಮೆ ನಡೆಸುತ್ತದೆ, ಒಬ್ಬೊಬ್ಬರ ಯಂತ್ರದಲ್ಲಿ ಒಂದೊಂದು ಹೊತ್ತಿಗೆ. ಹೀಗಾಗಿ ಒಬ್ಬರಿಗೆ ತಕ್ಷಣ ಪೆಟ್ಟು ಬಿದ್ದರೆ ಪಕ್ಕದ ಮೇಜಿನವರಿಗೆ ಸಂಜೆಯವರೆಗೂ ಎಲ್ಲ ಸರಿಯಿತ್ತು. ಫೈರ್‌ಫಾಕ್ಸ್ ಆಧಾರದ ಮೇಲೆ ಕಟ್ಟಿದ ಟಾರ್ ಬ್ರೌಸರ್‌ನಲ್ಲಿ ಅಪಾಯಕಾರಿ ಸ್ಕ್ರಿಪ್ಟ್‌ಗಳನ್ನು ತಡೆಯುವ ನೋಸ್ಕ್ರಿಪ್ಟ್ ಎಂಬ ಆಡ್-ಆನ್ ಕೂಡ ನಿಂತುಹೋಯಿತು. ಗುರುತು ಮರೆಸಿಕೊಳ್ಳಲೆಂದೇ ಆ ಬ್ರೌಸರ್ ಬಳಸುವವರಿಗೆ ಇದು ಸಣ್ಣ ವಿಷಯವಲ್ಲ. ಮೊಜಿಲ್ಲಾ ಮೊದಲು ತುರ್ತು ತಿದ್ದುಪಡಿಯೊಂದನ್ನು ನೇರವಾಗಿ ಬ್ರೌಸರ್‌ಗಳಿಗೆ ತಲುಪಿಸಿತು, ಅದರ ಬೆನ್ನಿಗೇ 66.0.4 ಆವೃತ್ತಿಯನ್ನು ಬಿಡುಗಡೆ ಮಾಡಿತು.

ಆ ಘಟನೆಯಲ್ಲಿ ನಿಜವಾದ ನಷ್ಟ ಆದದ್ದು ಗಾಬರಿಯಿಂದ ಆಡ್-ಆನ್‌ಗಳನ್ನು ತೆಗೆದುಹಾಕಿ ಮತ್ತೆ ಹಾಕಲು ಹೊರಟವರಿಗೆ. ಆಡ್-ಆನ್ ತೆಗೆದರೆ ಅದು ಉಳಿಸಿಕೊಂಡಿದ್ದ ಮಾಹಿತಿಯೂ ಅಳಿಯುತ್ತದೆ. ನಿಷ್ಕ್ರಿಯವಾದದ್ದು ಹಾಗೆಯೇ ಇದ್ದರೆ ಬ್ರೌಸರ್ ಸರಿಯಾದ ಮೇಲೆ ತನ್ನ ಮಾಹಿತಿಯೊಂದಿಗೆ ಮರಳುತ್ತದೆ. ಈಗಲೂ ಆ ಸೂಚನೆ ಅನ್ವಯಿಸುತ್ತದೆ: ಆಡ್-ಆನ್ ಪುಟದಲ್ಲಿ ಹಳದಿ ಪಟ್ಟಿಯ ಎಚ್ಚರಿಕೆ ಕಂಡರೆ ರಿಮೂವ್ ಗುಂಡಿಯ ಹತ್ತಿರ ಹೋಗಬೇಡಿ.

ಮೊದಲ ಹೆಜ್ಜೆ: ಆವೃತ್ತಿ ಮತ್ತು ಗಡಿಯಾರ

ಬಲ ಮೇಲ್ತುದಿಯಲ್ಲಿರುವ ಮೂರು ಗೆರೆಗಳ ಗುಂಡಿ ಒತ್ತಿ, ಹೆಲ್ಪ್ ಆರಿಸಿ, ಅಬೌಟ್ ಫೈರ್‌ಫಾಕ್ಸ್ ಮೇಲೆ ಕ್ಲಿಕ್ಕಿಸಿ. ಮ್ಯಾಕ್‌ನಲ್ಲಾದರೆ ಮೇಲಿನ ಪಟ್ಟಿಯ ಫೈರ್‌ಫಾಕ್ಸ್ ಮೆನುವಿನಲ್ಲೇ ಇದು ಸಿಗುತ್ತದೆ. ತೆರೆಯುವ ಪುಟ್ಟ ಕಿಟಕಿಯಲ್ಲಿ ಆವೃತ್ತಿಯ ಸಂಖ್ಯೆ ಇರುತ್ತದೆ, ಇಎಸ್‌ಆರ್ ಆಗಿದ್ದರೆ ಸಂಖ್ಯೆಯ ಪಕ್ಕದಲ್ಲೇ ಆ ಅಕ್ಷರಗಳಿರುತ್ತವೆ. ಈ ಕಿಟಕಿ ತೆರೆದ ಕೂಡಲೇ ಬ್ರೌಸರ್ ಹೊಸ ಆವೃತ್ತಿಯನ್ನು ಹುಡುಕಲು ಆರಂಭಿಸುತ್ತದೆ, ಹಾಗಾಗಿ ಸಂಖ್ಯೆಯನ್ನು ಗುರುತು ಹಾಕಿಕೊಂಡು ಸದ್ಯಕ್ಕೆ ಅದನ್ನು ಮುಚ್ಚಿಬಿಡಿ. ನಕಲು ಪ್ರತಿ ಮಾಡಿಟ್ಟುಕೊಳ್ಳುವ ಕೆಲಸ ಇನ್ನೂ ಬಾಕಿ ಇದೆ.

ಅದಕ್ಕೂ ಮೊದಲು ಕಂಪ್ಯೂಟರಿನ ದಿನಾಂಕ ನೋಡಿ. ಪ್ರಮಾಣಪತ್ರದ ಅವಧಿ ಮುಗಿದಿದೆಯೇ ಇಲ್ಲವೇ ಎಂಬುದನ್ನು ಬ್ರೌಸರ್ ನಿರ್ಧರಿಸುವುದು ಈ ಗಡಿಯಾರವನ್ನು ನೋಡಿಯೇ. ಹಳೆಯ ಡೆಸ್ಕ್‌ಟಾಪ್‌ಗಳಲ್ಲಿ ಮದರ್‌ಬೋರ್ಡ್ ಮೇಲಿನ ಬಿಲ್ಲೆಯಾಕಾರದ ಬ್ಯಾಟರಿ, ಹೆಚ್ಚಾಗಿ ಸಿಆರ್ 2032 ಎಂಬುದು, ಸತ್ತುಹೋಗಿರುತ್ತದೆ. ವಿದ್ಯುತ್ ಹೋಗಿ ಬಂದಾಗಲೆಲ್ಲ ದಿನಾಂಕ ಹಲವು ವರ್ಷ ಹಿಂದಕ್ಕೆ ಜಿಗಿಯುತ್ತದೆ. ಆಗ ಸರಿಯಾಗಿಯೇ ಇರುವ ಬ್ಯಾಂಕ್ ತಾಣಗಳ ಪ್ರಮಾಣಪತ್ರ ಕೂಡ ಇನ್ನೂ ಜಾರಿಗೆ ಬಂದಿಲ್ಲವೆಂದು ಬ್ರೌಸರ್ ದೂರುತ್ತದೆ, ಅಪ್‌ಡೇಟ್ ಕೂಡ ವಿಫಲವಾಗಬಹುದು. ಬ್ಯಾಟರಿ ಬದಲಿಸಿ, ದಿನಾಂಕ ಮತ್ತು ಸಮಯ ತಾನಾಗಿಯೇ ಹೊಂದಿಕೊಳ್ಳುವ ಆಯ್ಕೆಯನ್ನು ಚಾಲೂ ಮಾಡಿ, ಕಾಲವಲಯ ಭಾರತದ್ದೇ ಎಂದು ಖಚಿತಪಡಿಸಿಕೊಂಡು ಮುಂದುವರಿಯಿರಿ.

ಗಡಿಯಾರವನ್ನು ಬೇಕೆಂದೇ 2025ರ ಮಾರ್ಚ್‌ಗೆ ಹಿಂದಕ್ಕೆ ತಿರುಗಿಸಿದರೆ ಆಡ್-ಆನ್‌ಗಳು ಮರಳುತ್ತವೆ ಎಂಬ ಸಲಹೆಯೂ ಓಡಾಡುತ್ತಿರುತ್ತದೆ. ಅವು ಮರಳಬಹುದು, ಆದರೆ ಆಮೇಲೆ ಕೊಟ್ಟ ಜಾಲತಾಣ ಪ್ರಮಾಣಪತ್ರಗಳೆಲ್ಲ ಭವಿಷ್ಯದಲ್ಲಿ ಹುಟ್ಟಿದವುಗಳಂತೆ ಕಂಡು ಅಂತರ್ಜಾಲದ ಬಹುಪಾಲು ಮುಚ್ಚಿಕೊಳ್ಳುತ್ತದೆ. ಕಡತಗಳ ದಿನಾಂಕ, ಲೆಕ್ಕದ ತಂತ್ರಾಂಶ, ಇಮೇಲ್ ಎಲ್ಲವೂ ಏರುಪೇರಾಗುತ್ತವೆ. ಸಹಿ ಪರೀಕ್ಷೆಯನ್ನೇ ಆಫ್ ಮಾಡುವ ಗುಪ್ತ ಆಯ್ಕೆ ಇಎಸ್‌ಆರ್ ಆವೃತ್ತಿಯಲ್ಲಿ ಇರುವುದು ನಿಜ. ಅದನ್ನು ಮುಟ್ಟಿದರೆ ಯಾರು ಬರೆದ ಆಡ್-ಆನ್ ಬೇಕಾದರೂ ಒಳಗೆ ಬರಲು ಬಾಗಿಲು ತೆರೆದಂತೆ, ಮೇಲಾಗಿ ನಿಷೇಧ ಪಟ್ಟಿಗಳ ಸಮಸ್ಯೆ ಅದರಿಂದ ಬಗೆಹರಿಯುವುದೂ ಇಲ್ಲ.

ಎರಡನೇ ಹೆಜ್ಜೆ: ಪ್ರೊಫೈಲ್‌ನ ನಕಲು

ಈ ಹೆಜ್ಜೆಯನ್ನು ಬಿಟ್ಟು ಮುಂದೆ ಹೋಗುವವರೇ ಹೆಚ್ಚು. ಅಪ್‌ಡೇಟ್ ಸಾಮಾನ್ಯವಾಗಿ ನಿಮ್ಮ ಬುಕ್‌ಮಾರ್ಕ್ ಅಥವಾ ಪಾಸ್‌ವರ್ಡ್‌ಗಳನ್ನು ಮುಟ್ಟುವುದಿಲ್ಲ. ಆದರೆ 67ನೇ ಆವೃತ್ತಿಯಿಂದ ಫೈರ್‌ಫಾಕ್ಸ್‌ನಲ್ಲಿ ಒಂದು ನಿಯಮವಿದೆ: ಹೊಸ ಆವೃತ್ತಿ ಒಮ್ಮೆ ತೆರೆದ ಪ್ರೊಫೈಲನ್ನು, ಅಂದರೆ ನಿಮ್ಮ ಬುಕ್‌ಮಾರ್ಕ್, ಪಾಸ್‌ವರ್ಡ್, ಸೆಟ್ಟಿಂಗ್‌ಗಳೆಲ್ಲ ಇರುವ ಫೋಲ್ಡರನ್ನು, ಹಳೆಯ ಆವೃತ್ತಿ ತೆರೆಯಲು ಒಪ್ಪುವುದಿಲ್ಲ. ಹಿಂದಿರುಗುವ ಅಗತ್ಯ ಬಿದ್ದರೆ ಕೈಯಲ್ಲಿ ಹಳೆಯ ಪ್ರತಿ ಇರಲೇಬೇಕು.

ಹೆಲ್ಪ್ ಮೆನುವಿನಲ್ಲಿ ಮೋರ್ ಟ್ರಬಲ್‌ಶೂಟಿಂಗ್ ಇನ್ಫರ್ಮೇಷನ್ ಎಂಬ ಪುಟ ತೆರೆಯಿರಿ. ಮೊದಲ ಕೋಷ್ಟಕದಲ್ಲೇ ಪ್ರೊಫೈಲ್ ಫೋಲ್ಡರ್ ಎಂಬ ಸಾಲಿದೆ, ಅದರ ಪಕ್ಕದ ಓಪನ್ ಫೋಲ್ಡರ್ ಒತ್ತಿದರೆ ಕಡತಗಳ ಕಿಟಕಿ ತೆರೆಯುತ್ತದೆ. ಈಗ ಫೈರ್‌ಫಾಕ್ಸನ್ನು ಪೂರ್ತಿ ಮುಚ್ಚಿ, ತೆರೆದ ಫೋಲ್ಡರ್‌ನಿಂದ ಒಂದು ಮೆಟ್ಟಿಲು ಮೇಲಕ್ಕೆ ಹೋಗಿ, ಆ ಇಡೀ ಫೋಲ್ಡರನ್ನು ಪೆನ್‌ಡ್ರೈವ್‌ಗೆ ನಕಲಿಸಿ. ಬಿಡಿ ಕಡತಗಳನ್ನು ಆರಿಸಿ ನಕಲಿಸಬೇಡಿ. ಉಳಿಸಿಟ್ಟ ಪಾಸ್‌ವರ್ಡ್‌ಗಳು ಲಾಗಿನ್ಸ್ ಎಂಬ ಕಡತದಲ್ಲಿರುತ್ತವೆ, ಅವನ್ನು ಬಿಚ್ಚುವ ಕೀಲಿ ಕೀ4 ಎಂಬ ಬೇರೆ ಕಡತದಲ್ಲಿರುತ್ತದೆ. ಒಂದನ್ನು ತಂದು ಇನ್ನೊಂದನ್ನು ಮರೆತರೆ ಎರಡೂ ವ್ಯರ್ಥ.

ಪಾಸ್‌ವರ್ಡ್‌ಗಳನ್ನು ಪ್ರತ್ಯೇಕ ಪಟ್ಟಿಯಾಗಿ ಎಕ್ಸ್‌ಪೋರ್ಟ್ ಮಾಡುವ ಸೌಲಭ್ಯವೂ ಪಾಸ್‌ವರ್ಡ್ಸ್ ಪುಟದಲ್ಲಿದೆ. ಆ ಪಟ್ಟಿ ಯಾರು ಬೇಕಾದರೂ ಓದಬಹುದಾದ ಸಾದಾ ಅಕ್ಷರಗಳಲ್ಲಿರುತ್ತದೆ. ಸೈಬರ್ ಸೆಂಟರ್ ಅಥವಾ ಕಚೇರಿಯ ಹಂಚಿಕೆಯ ಯಂತ್ರದಲ್ಲಿ ಇದನ್ನು ಮಾಡದಿರುವುದೇ ಲೇಸು, ಮನೆಯಲ್ಲಿ ಮಾಡಿದರೂ ಕೆಲಸ ಮುಗಿದೊಡನೆ ಅಳಿಸಿ ರೀಸೈಕಲ್ ಬಿನ್ ಕೂಡ ಖಾಲಿ ಮಾಡಿ. ಮೊಜಿಲ್ಲಾ ಖಾತೆಯ ಮೂಲಕ ಸಿಂಕ್, ಅಂದರೆ ಹಲವು ಯಂತ್ರಗಳ ಮಾಹಿತಿಯನ್ನು ಒಂದೇ ಆಗಿರಿಸುವ ಸೌಲಭ್ಯ, ಬಳಸುತ್ತಿದ್ದರೆ ಒಳ್ಳೆಯದು, ಆದರೆ ಸಿಂಕ್ ಎಂಬುದು ಬ್ಯಾಕಪ್ ಅಲ್ಲ. ಒಂದು ಕಡೆ ಅಳಿಸಿದ್ದು ಇನ್ನೊಂದು ಕಡೆಯೂ ಅಳಿಯುತ್ತದೆ.

ಮೂರನೇ ಹೆಜ್ಜೆ: ಅಪ್‌ಡೇಟ್

ವಿಂಡೋಸ್ 10 ಅಥವಾ 11 ಆಗಿದ್ದರೆ ಕೆಲಸ ಹಗುರ. ಮತ್ತೆ ಅಬೌಟ್ ಫೈರ್‌ಫಾಕ್ಸ್ ತೆರೆಯಿರಿ, ಇಳಿಸಿಕೊಳ್ಳುವುದು ಮುಗಿಯುವವರೆಗೆ ಕಾದು, ರೀಸ್ಟಾರ್ಟ್ ಟು ಅಪ್‌ಡೇಟ್ ಎಂಬ ಗುಂಡಿ ಒತ್ತಿ. ಬಹಳ ಹಳೆಯ ಆವೃತ್ತಿಯಿಂದ ಹೊರಟಿದ್ದರೆ ಒಂದೇ ನೆಗೆತಕ್ಕೆ ಇಂದಿನ ಆವೃತ್ತಿ ತಲುಪುವುದಿಲ್ಲ, ನಡುವೆ ಕೆಲವು ಕಡ್ಡಾಯ ನಿಲುಗಡೆಗಳಿವೆ. ಒಮ್ಮೆ ಅಪ್‌ಡೇಟ್ ಆದ ಮೇಲೆ ಅದೇ ಕಿಟಕಿಯನ್ನು ಪುನಃ ತೆರೆದು, ಫೈರ್‌ಫಾಕ್ಸ್ ಈಸ್ ಅಪ್ ಟು ಡೇಟ್ ಎಂಬ ಮಾತು ಕಾಣುವವರೆಗೂ ಹೀಗೆಯೇ ಮುಂದುವರಿಸಿ. 128 ಎಂಬುದು ಕನಿಷ್ಠ ಮಿತಿ ಮಾತ್ರ. ಅಲ್ಲಿಗೆ ನಿಲ್ಲಿಸಿದರೆ ಪ್ರಮಾಣಪತ್ರದ ತೊಡಕು ತಪ್ಪುತ್ತದೆಯೇ ಹೊರತು ಆಮೇಲೆ ಪತ್ತೆಯಾದ ಭದ್ರತಾ ದೋಷಗಳು ಹಾಗೆಯೇ ಉಳಿಯುತ್ತವೆ.

ಆ ಕಿಟಕಿಯಲ್ಲಿ ಅಪ್‌ಡೇಟನ್ನು ನಿಮ್ಮ ಸಂಸ್ಥೆ ತಡೆದಿದೆ ಎಂಬ ಅರ್ಥದ ಸಾಲು ಕಂಡರೆ ಕಂಪ್ಯೂಟರ್ ನಿರ್ವಾಹಕರು ನೀತಿಯೊಂದರ ಮೂಲಕ ಅದನ್ನು ನಿಲ್ಲಿಸಿದ್ದಾರೆಂದು ತಿಳಿಯಬೇಕು. ಅದನ್ನು ಬಳಸುದಾರಿಯಿಂದ ದಾಟಲು ಹೋಗಬೇಡಿ. ಆವೃತ್ತಿಯ ಸಂಖ್ಯೆಯನ್ನು ಬರೆದು ಅವರಿಗೇ ತಿಳಿಸಿ. ಎಷ್ಟೋ ಕಚೇರಿಗಳಲ್ಲಿ ಯಾವುದೋ ಹಳೆಯ ಪೋರ್ಟಲ್ ಹೊಸ ಬ್ರೌಸರ್‌ನಲ್ಲಿ ಓಡುವುದಿಲ್ಲವೆಂದು ಒಂದು ಕಾಲಕ್ಕೆ ಅಪ್‌ಡೇಟ್ ನಿಲ್ಲಿಸಿ, ಆಮೇಲೆ ಆ ಪೋರ್ಟಲ್ಲೇ ಬದಲಾದರೂ ತಡೆಯನ್ನು ತೆಗೆಯಲು ಮರೆತಿರುತ್ತಾರೆ.

ಒಳಗಿನಿಂದ ಅಪ್‌ಡೇಟ್ ಆಗದಿದ್ದಾಗ ಮೊಜಿಲ್ಲಾ ತಾಣದಿಂದಲೇ ಪೂರ್ತಿ ಇನ್‌ಸ್ಟಾಲರ್ ಇಳಿಸಿಕೊಂಡು ಹಳೆಯದರ ಮೇಲೆಯೇ ಹಾಕಬಹುದು, ಹಳೆಯದನ್ನು ಅನ್‌ಇನ್‌ಸ್ಟಾಲ್ ಮಾಡುವ ಅಗತ್ಯವಿಲ್ಲ. ವಿಳಾಸವನ್ನು ನೀವೇ ಟೈಪ್ ಮಾಡಿ. ಜಾಲತಾಣ ನೋಡುತ್ತಿರುವಾಗ ಪುಟದ ಮಧ್ಯದಲ್ಲಿ ಎದ್ದು ನಿಂತು ನಿಮ್ಮ ಬ್ರೌಸರ್ ಹಳೆಯದಾಗಿದೆ, ಇಲ್ಲಿ ಒತ್ತಿ ಎನ್ನುವ ಚೌಕಟ್ಟುಗಳು ದುರುದ್ದೇಶದ ತಂತ್ರಾಂಶ ಹರಡುವವರ ಹಳೆಯ ವರಸೆ. ನಿಜವಾದ ಸೂಚನೆ ಬರುವುದು ಬ್ರೌಸರ್‌ನ ಮೆನು ಭಾಗದಿಂದ, ಜಾಲಪುಟದ ಒಳಗಿನಿಂದಲ್ಲ. ಇಳಿಸಿಕೊಂಡ ಕಡತದ ಬಗ್ಗೆ ಅನುಮಾನವಿದ್ದರೆ ಅದರ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್‌ನಲ್ಲಿ ಡಿಜಿಟಲ್ ಸಿಗ್ನೇಚರ್ಸ್ ಎಂಬ ಹಾಳೆ ತೆರೆಯಿರಿ. ಸಹಿ ಹಾಕಿದವರ ಜಾಗದಲ್ಲಿ ಮೊಜಿಲ್ಲಾ ಕಾರ್ಪೊರೇಷನ್ ಎಂದಿರಬೇಕು. ಆ ಹಾಳೆಯೇ ಇಲ್ಲದಿದ್ದರೆ ಕಡತವನ್ನು ಅಳಿಸಿಹಾಕಿ. ಅಂತರ್ಜಾಲವಿಲ್ಲದ ಅಥವಾ ತೀರ ನಿಧಾನವಿರುವ ಶಾಲೆಗಳಿಗೆ ಇದೇ ಪೂರ್ತಿ ಇನ್‌ಸ್ಟಾಲರನ್ನು ಪೆನ್‌ಡ್ರೈವ್‌ನಲ್ಲಿ ಒಯ್ದು ಎಲ್ಲ ಯಂತ್ರಗಳಿಗೂ ಹಾಕಬಹುದು.

ವಿಂಡೋಸ್ 7, 8 ಮತ್ತು 8.1ರ ವಿಷಯ ಬೇರೆ. ವಿಂಡೋಸ್ 7ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2020ರ ಜನವರಿ 14ಕ್ಕೇ ಮುಗಿಯಿತು, ಗೂಗಲ್ ಕ್ರೋಮ್ ಅಲ್ಲಿ 109ನೇ ಆವೃತ್ತಿಗೆ ನಿಂತಿತು. ಫೈರ್‌ಫಾಕ್ಸ್ ಮಾತ್ರ 115 ಇಎಸ್‌ಆರ್ ಮೂಲಕ ಈ ವ್ಯವಸ್ಥೆಗಳನ್ನು ಉಳಿಸಿಕೊಂಡು, ಬೆಂಬಲದ ಗಡುವನ್ನು ಒಂದಕ್ಕಿಂತ ಹೆಚ್ಚು ಸಲ ಮುಂದೂಡಿತು. ಆದ್ದರಿಂದ ಈ ಯಂತ್ರಗಳಲ್ಲಿ 128ನ್ನು ಹಾಕಲು ಪ್ರಯತ್ನಿಸಿ ಸೋತು ಕೈಚೆಲ್ಲಬೇಡಿ, ಅದು ಇಲ್ಲಿ ಓಡುವುದಿಲ್ಲ. ಇಲ್ಲಿ ಬೇಕಾದದ್ದು 115.13 ಅಥವಾ ಅದರ ನಂತರದ 115 ಸರಣಿಯ ಇಎಸ್‌ಆರ್. ಮ್ಯಾಕ್‌ಓಎಸ್ 10.12, 10.13 ಮತ್ತು 10.14ಕ್ಕೂ ಇದೇ ಮಾತು. 115 ಎಂಬ ಸಂಖ್ಯೆ ಕಂಡು ಸಮಾಧಾನ ಪಡುವುದೂ ತಪ್ಪು. ಚುಕ್ಕೆಯ ಮುಂದಿನ ಅಂಕೆ 13ಕ್ಕಿಂತ ಕಡಿಮೆಯಿದ್ದರೆ ಪ್ರಮಾಣಪತ್ರದ ಸಮಸ್ಯೆ ಇದ್ದೇ ಇದೆ.

ಮ್ಯಾಕ್‌ನಲ್ಲಿ ಪದೇಪದೇ ಅಪ್‌ಡೇಟ್ ವಿಫಲವಾಗುತ್ತಿದ್ದರೆ ಒಂದು ಸಂಗತಿ ನೋಡಿ: ಇಳಿಸಿಕೊಂಡ ಡಿಸ್ಕ್ ಇಮೇಜ್‌ನೊಳಗಿನಿಂದಲೇ ಫೈರ್‌ಫಾಕ್ಸನ್ನು ಓಡಿಸುತ್ತಿರಬಹುದು. ಅದರ ಚಿಹ್ನೆಯನ್ನು ಅಪ್ಲಿಕೇಷನ್ಸ್ ಫೋಲ್ಡರ್‌ಗೆ ಎಳೆದು ಹಾಕಿ, ಡಿಸ್ಕ್ ಇಮೇಜನ್ನು ಇಜೆಕ್ಟ್ ಮಾಡಿ, ಅಪ್ಲಿಕೇಷನ್ಸ್‌ನಿಂದಲೇ ತೆರೆಯಿರಿ.

ಲಿನಕ್ಸ್‌ನಲ್ಲಿ ಬ್ರೌಸರ್ ಯಾವ ದಾರಿಯಿಂದ ಬಂದಿದೆಯೋ ಅದೇ ದಾರಿಯಿಂದ ಅಪ್‌ಡೇಟ್ ಆಗಬೇಕು. ಉಬುಂಟು 22.04ರಿಂದ ಈಚೆಗೆ ಫೈರ್‌ಫಾಕ್ಸ್ ಸ್ನ್ಯಾಪ್ ಎಂಬ ಪ್ಯಾಕೇಜ್ ರೂಪದಲ್ಲಿ ಬರುತ್ತದೆ. ಅಪ್‌ಡೇಟ್ ಕಾದಿದೆ, ಬ್ರೌಸರ್ ಮುಚ್ಚಿ ಎಂಬ ಸೂಚನೆಯನ್ನು ದಿನಗಟ್ಟಲೆ ತಳ್ಳಿಹಾಕುವವರಿಗೆ ಇಲ್ಲಿ ಹಳೆಯ ಆವೃತ್ತಿ ಉಳಿದುಬಿಡುತ್ತದೆ. ಬ್ರೌಸರ್‌ನ ಎಲ್ಲ ಕಿಟಕಿಗಳನ್ನು ಮುಚ್ಚಿ, ಟರ್ಮಿನಲ್‌ನಲ್ಲಿ sudo snap refresh firefox ಎಂಬ ಆದೇಶವನ್ನು ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ ಕೊಡಿ. ಡೆಬಿಯನ್‌ನಲ್ಲಿ ಇಎಸ್‌ಆರ್ ಆವೃತ್ತಿ ವ್ಯವಸ್ಥೆಯ ಉಳಿದ ಪ್ಯಾಕೇಜ್‌ಗಳ ಜೊತೆಗೇ ಅಪ್‌ಡೇಟ್ ಆಗುತ್ತದೆ.

ಆಂಡ್ರಾಯ್ಡ್ ಫೋನಿನಲ್ಲಿ ಪ್ಲೇ ಸ್ಟೋರ್ ಸಾಕು. ಐಫೋನ್ ಮತ್ತು ಐಪ್ಯಾಡ್‌ಗಳಿಗೆ ಈ ಪ್ರಮಾಣಪತ್ರದ ಸಮಸ್ಯೆಯೇ ಇಲ್ಲ. ಟಾರ್ ಬ್ರೌಸರ್‌ನಂತೆ ಫೈರ್‌ಫಾಕ್ಸ್ ಮೂಲದಿಂದ ಹುಟ್ಟಿದ ಬೇರೆ ಬ್ರೌಸರ್‌ಗಳನ್ನು ಅವುಗಳ ತಾಣದಿಂದಲೇ ಅಪ್‌ಡೇಟ್ ಮಾಡಬೇಕು, ಫೈರ್‌ಫಾಕ್ಸ್ ಸರಿಪಡಿಸಿದರೆ ಅವು ಸರಿಯಾಗುವುದಿಲ್ಲ.

ನಾಲ್ಕನೇ ಹೆಜ್ಜೆ: ಸರಿಹೋಗಿದೆಯೇ ನೋಡುವುದು

ಅಪ್‌ಡೇಟ್ ಆದ ಮೇಲೆ ಆಡ್-ಆನ್ ಪುಟ ತೆರೆದು, ನಿಷ್ಕ್ರಿಯವಾಗಿದ್ದವು ಮರಳಿವೆಯೇ ಎಂದು ನೋಡಿ. ಪರೀಕ್ಷೆ ದಿನಕ್ಕೊಮ್ಮೆ ನಡೆಯುವುದರಿಂದ ಕೆಲವು ತುಸು ತಡವಾಗಿ ಜೀವ ಪಡೆಯಬಹುದು, ಒಂದು ದಿನ ಕಾಯುವುದರಲ್ಲಿ ನಷ್ಟವಿಲ್ಲ. ಒಂದೆರಡು ಆಡ್-ಆನ್ ಆಗಲೂ ನಿಷ್ಕ್ರಿಯವಾಗಿಯೇ ಇದ್ದರೆ ಕಾರಣ ಪ್ರಮಾಣಪತ್ರವಲ್ಲ, ಹೊಸ ಆವೃತ್ತಿಗೆ ಅದು ಹೊಂದುತ್ತಿಲ್ಲ ಎಂದರ್ಥ. ಅದರ ಬದಲಿಯನ್ನು ಹುಡುಕಬೇಕಾಗುತ್ತದೆ. ವೀಡಿಯೊ ಓಡದಿದ್ದರೆ ಸೆಟ್ಟಿಂಗ್ಸ್‌ನಲ್ಲಿ ಡಿಆರ್‌ಎಂ ರಕ್ಷಣೆಯ ವಿಷಯವನ್ನು ಓಡಿಸುವ ಆಯ್ಕೆಗೆ ಗುರುತು ಬಿದ್ದಿದೆಯೇ ನೋಡಿ. ರಿಫ್ರೆಶ್ ಫೈರ್‌ಫಾಕ್ಸ್ ಎಂಬ ಗುಂಡಿಯನ್ನು ಮಾತ್ರ ಇದಕ್ಕಾಗಿ ಒತ್ತಬೇಡಿ. ಹೆಸರು ಅಪ್‌ಡೇಟ್‌ನಂತೆ ಕೇಳಿಸಿದರೂ ಅದು ಮಾಡುವುದು ನಿಮ್ಮ ಆಡ್-ಆನ್ ಮತ್ತು ಸೆಟ್ಟಿಂಗ್‌ಗಳನ್ನು ತೆಗೆದು ಬ್ರೌಸರನ್ನು ಹೊಸದರಂತೆ ಮಾಡುವ ಕೆಲಸ.

ಟೆಂಡರ್ ಸಲ್ಲಿಕೆ, ಕಂಪನಿ ವ್ಯವಹಾರ ಅಥವಾ ತೆರಿಗೆ ಕೆಲಸಕ್ಕೆ ಯುಎಸ್‌ಬಿ ಟೋಕನ್‌ನಲ್ಲಿರುವ ಡಿಜಿಟಲ್ ಸಹಿಯನ್ನು, ಎಲ್ಲರೂ ಡಿಎಸ್‌ಸಿ ಎನ್ನುವುದನ್ನು, ಫೈರ್‌ಫಾಕ್ಸ್ ಮೂಲಕ ಬಳಸುವವರು ಇನ್ನೊಂದು ಪರೀಕ್ಷೆ ಮಾಡಿಕೊಳ್ಳಬೇಕು. ಸೆಟ್ಟಿಂಗ್ಸ್‌ನ ಸರ್ಟಿಫಿಕೇಟ್ಸ್ ಭಾಗದಲ್ಲಿ ಸೆಕ್ಯುರಿಟಿ ಡಿವೈಸಸ್ ತೆರೆದು, ಟೋಕನ್‌ನ ಹೆಸರು ಪಟ್ಟಿಯಲ್ಲಿ ಉಳಿದಿದೆಯೇ ನೋಡಿ. ಇಲ್ಲದಿದ್ದರೆ ಟೋಕನ್ ಜೊತೆ ಬಂದ ಚಾಲಕ ತಂತ್ರಾಂಶದ ಮಾಡ್ಯೂಲನ್ನು ಲೋಡ್ ಗುಂಡಿಯಿಂದ ಮತ್ತೆ ಸೇರಿಸಬೇಕು. 32 ಬಿಟ್ ಫೈರ್‌ಫಾಕ್ಸ್‌ನಿಂದ 64 ಬಿಟ್‌ಗೆ ಬದಲಾದವರು 64 ಬಿಟ್‌ನ ಮಾಡ್ಯೂಲನ್ನೇ ಆರಿಸಬೇಕು, ಹಳೆಯದು ಲೋಡ್ ಆಗುವುದಿಲ್ಲ. ಟೆಂಡರಿನ ಕೊನೆಯ ದಿನ ಸಂಜೆ ಬ್ರೌಸರ್ ಅಪ್‌ಡೇಟ್ ಮಾಡಲು ಕೂರುವುದು ಜಾಣತನವಲ್ಲ. ಡಿಎಸ್‌ಸಿಗೂ ತನ್ನದೇ ಆದ, ಗರಿಷ್ಠ ಮೂರು ವರ್ಷದ ಅವಧಿಯಿದೆ. ಅದು ಮುಗಿದಿದ್ದರೆ ಬ್ರೌಸರ್ ಎಷ್ಟು ಹೊಸದಾದರೂ ಸಹಿ ಬೀಳುವುದಿಲ್ಲ, ಅದನ್ನು ಕೊಟ್ಟ ಸಂಸ್ಥೆಯಿಂದಲೇ ನವೀಕರಿಸಿಕೊಳ್ಳಬೇಕು.

ಬ್ರೌಸರ್ ತನ್ನದೇ ಪಟ್ಟಿ ಹೊತ್ತು ತಿರುಗುವುದೇಕೆ?

ಇಷ್ಟೆಲ್ಲ ತಾಪತ್ರಯದ ಬದಲು ವಿಂಡೋಸ್‌ನಲ್ಲಿರುವ ಪ್ರಮಾಣಪತ್ರಗಳನ್ನೇ ಫೈರ್‌ಫಾಕ್ಸ್ ನಂಬಬಾರದೇ ಎಂದು ಕೇಳುವವರಿದ್ದಾರೆ. ಜಾಲತಾಣಗಳ ಮಟ್ಟಿಗೆ ಇದಕ್ಕೆ ನಮ್ಮ ದೇಶದ್ದೇ ಉದಾಹರಣೆಯಿದೆ. 2014ರ ಜುಲೈನಲ್ಲಿ, ರಾಷ್ಟ್ರೀಯ ಮಾಹಿತಿ ಕೇಂದ್ರದ ಪ್ರಮಾಣೀಕರಣ ವ್ಯವಸ್ಥೆಯಿಂದ ಗೂಗಲ್‌ನ ಹೆಸರಿನಲ್ಲಿ ಅನಧಿಕೃತ ಪ್ರಮಾಣಪತ್ರಗಳು ಹೊರಬಿದ್ದದ್ದನ್ನು ಗೂಗಲ್ ಪತ್ತೆಹಚ್ಚಿತು. ಭಾರತದ ಆ ಮೂಲ ಪ್ರಮಾಣಪತ್ರ ಮೈಕ್ರೋಸಾಫ್ಟ್‌ನ ಪಟ್ಟಿಯಲ್ಲಿದ್ದುದರಿಂದ ವಿಂಡೋಸ್ ಅದನ್ನು ನಂಬುತ್ತಿತ್ತು. ಫೈರ್‌ಫಾಕ್ಸ್‌ನ ಸ್ವಂತ ಪಟ್ಟಿಯಲ್ಲಿ ಅದು ಇರಲಿಲ್ಲ, ಹಾಗಾಗಿ ಅದರ ಬಳಕೆದಾರರಿಗೆ ತೊಂದರೆಯಾಗಲಿಲ್ಲ. ಇನ್ನೊಂದು, 2021ರ ಸೆಪ್ಟೆಂಬರ್ 30ರದ್ದು. ಲಕ್ಷಾಂತರ ತಾಣಗಳಿಗೆ ಉಚಿತ ಪ್ರಮಾಣಪತ್ರ ಕೊಡುವ ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆ ಅವಲಂಬಿಸಿದ್ದ ಹಳೆಯ ಮೂಲ ಪ್ರಮಾಣಪತ್ರದ ಅವಧಿ ಅಂದು ಮುಗಿಯಿತು. ಹೊಸ ಮೂಲವನ್ನು ಗುರುತಿಸದ 7.1.1ಕ್ಕಿಂತ ಹಳೆಯ ಆಂಡ್ರಾಯ್ಡ್ ಫೋನುಗಳವರಿಗೆ ಸಂಸ್ಥೆ ಕೊಟ್ಟ ಸಲಹೆ ಫೈರ್‌ಫಾಕ್ಸ್ ಹಾಕಿಕೊಳ್ಳಿ ಎಂಬುದೇ ಆಗಿತ್ತು. ಫೋನ್ ಹಳೆಯದಾದರೂ ಪಟ್ಟಿ ಬ್ರೌಸರ್‌ನ ಜೊತೆ ಹೊಸದಾಗಿ ಬರುತ್ತದೆ ಎಂಬುದೇ ಅದರ ತರ್ಕ. ಬ್ರೌಸರ್ ಅಪ್‌ಡೇಟ್ ಆಗುತ್ತಿದ್ದರೆ ಮಾತ್ರ ಈ ಲಾಭ ದಕ್ಕುತ್ತದೆ.

ಏನು ಮಾಡಿದರೂ ಅಪ್‌ಡೇಟ್ ಆಗದ ಯಂತ್ರಗಳು

ವಿಂಡೋಸ್ ಎಕ್ಸ್‌ಪಿ ಮತ್ತು ವಿಸ್ಟಾಗಳಿಗೆ ಫೈರ್‌ಫಾಕ್ಸ್‌ನ ಕೊನೆಯ ಸರಣಿ 52 ಇಎಸ್‌ಆರ್, ಅದರ ಕಾಲ 2018ಕ್ಕೇ ಮುಗಿದಿದೆ. ಪ್ರಮಾಣಪತ್ರದ ತಿದ್ದುಪಡಿ ಅಲ್ಲಿಗೆ ಬರುವುದಿಲ್ಲ. ನುಡಿ ಅಥವಾ ಬರಹದಲ್ಲಿ ಸಿದ್ಧಪಡಿಸಿದ ಹಳೆಯ ಕಡತಗಳನ್ನು ತೆರೆಯಲೆಂದೇ ಇಂಥ ಯಂತ್ರವನ್ನು ಇಟ್ಟುಕೊಂಡ ಮುದ್ರಣಾಲಯಗಳೂ ಕಚೇರಿಗಳೂ ಇವೆ. ಆ ಕೆಲಸಕ್ಕೆ ಅದು ಇರಲಿ, ಆದರೆ ನೆಟ್‌ವರ್ಕ್ ಕೇಬಲ್ ಕಿತ್ತು, ಕಡತಗಳನ್ನು ಪೆನ್‌ಡ್ರೈವ್‌ನಲ್ಲಿ ಸಾಗಿಸಿ, ಅಂತರ್ಜಾಲದ ಕೆಲಸವನ್ನು ಬೇರೆ ಯಂತ್ರಕ್ಕೆ ವಹಿಸಿ. ಯಂತ್ರ ಗಟ್ಟಿಯಾಗಿದ್ದು ವಿಂಡೋಸ್ ಮಾತ್ರ ಹಳೆಯದಾಗಿದ್ದರೆ ಹಗುರವಾದ ಲಿನಕ್ಸ್ ಹಾಕಿ ಬ್ರೌಸಿಂಗ್‌ಗೆ ಬಳಸಬಹುದು. ಅದಕ್ಕೂ ಮುನ್ನ ಪ್ರೊಸೆಸರ್ 64 ಬಿಟ್‌ನದೇ ಎಂದು ನೋಡಿಕೊಳ್ಳಿ, ಏಕೆಂದರೆ 32 ಬಿಟ್ ಲಿನಕ್ಸ್‌ಗೆ ಫೈರ್‌ಫಾಕ್ಸ್‌ನ ಸಾಮಾನ್ಯ ಆವೃತ್ತಿ 144ಕ್ಕೇ ಕೊನೆಗೊಂಡಿದ್ದು, ಆಮೇಲೆ ಉಳಿದದ್ದು 140 ಇಎಸ್‌ಆರ್ ಸರಣಿಯ ಅವಧಿ ಮುಗಿಯುವವರೆಗಿನ ಬೆಂಬಲ ಮಾತ್ರ.